ಎಂಟಂಕಿಯ ಖಾನೆ

ಅಕ್ಕನ ಬಲಗೈ ಸುಟ್ಟು ಇಪ್ಪತ್ತೆಂಟು ದಿನವಾಗಿತ್ತು. ಬೆರಳು ಇನ್ನೂ ಮಡಚುತ್ತಿರಲಿಲ್ಲ. ಅವಳ ತಲೆ ಬಾಚಿ, ಅಂಗಿಯ ಗುಂಡಿ ಹಾಕಿ, ನಾಲ್ಕು ತುತ್ತು ಬಾಯಿಗಿಟ್ಟು ತಂಗಿ ಕೆಲಸಕ್ಕೆ ಓಡಬೇಕಿತ್ತು.

ಅಕ್ಕ ದೊಡ್ಡ ಲಾಂಡ್ರಿಯೊಂದರಲ್ಲಿ ಗುತ್ತಿಗೆಯಾಳು. ಅಲ್ಲಿ ಚಾದರಗಳನ್ನು ಎಳೆದುಕೊಂಡು ಇಸ್ತ್ರಿ ಮಾಡುವ ಬಿಸಿ ಉರುಳೆ ಇದೆ. ಅದರ ಮುಂದೆ ಕೈ ಹೋಗದಂತೆ ಕಬ್ಬಿಣದ ತಡೆ ಇರಬೇಕು. ಇದ್ದರೆ ಕೆಲಸ ನಿಧಾನ ಎಂದು ಸೂಪರ್‌ವೈಸರ್ ಬಿಚ್ಚಿಸಿಟ್ಟಿದ್ದ. ಚಾದರದ ಜೊತೆ ಅಕ್ಕನ ಕೈಯೂ ಒಳಗೆ ಹೋಯಿತು. ಅವಳದೇ ಅಜಾಗರೂಕತೆ ಎಂದು ಬರೆದು ಕಂಪನಿ ಕೈತೊಳೆದುಕೊಂಡಿತು. ದೂರಿದ್ದರೆ ಮೂವತ್ತು ದಿನದೊಳಗೆ ವೆಬ್‌ಸೈಟಿನಲ್ಲೇ ಕೊಡಬೇಕಂತೆ, ಕಾಗದ ಮುಟ್ಟುವುದಿಲ್ಲವಂತೆ. ಅಲ್ಲಿ ಕೊಟ್ಟದ್ದರ ಪ್ರತಿ ನೇರ ಸರ್ಕಾರಿ ತಪಾಸಣಾಧಿಕಾರಿಗೆ ಹೋಗುತ್ತದೆ. ಹೋದರೆ ಚಿಕಿತ್ಸೆಯೂ ಕೆಲಸವೂ ಉಳಿದಾವು. ಇಲ್ಲದಿದ್ದರೆ ಎರಡೂ ಇಲ್ಲ.

"ನಾಲ್ಕು ದಿನದಿಂದ ಎಡಗೈಲಿ ಒತ್ತಿ ಒತ್ತಿ ಸಾಕಾಯ್ತು ಕಣೇ," ಅಂದಳು ಅಕ್ಕ. "ಕಳಿಸೋಕೆ ಬಟನ್ನೇ ಇಲ್ಲ. ನಮ್ಮ ಫೋನ್ ಹಳೇದು ಅಂತ ಸುಮ್ಮನಿದ್ದೆ. ಅಲ್ಲಿನ ಹೆಂಗಸರದ್ದೆಲ್ಲ ಇದೇ ಗೋಳು."

ತಂಗಿ ಫೋನು ಇಸಿದುಕೊಂಡು ನೋಡಿದಳು. ಆ ಪುಟ ಕಟ್ಟಿದವಳು ಅವಳೇ.

ವೆಬ್‌ಸೈಟ್ ಮಾಡಿಕೊಡುವ ಸಣ್ಣ ಆಫೀಸೊಂದರಲ್ಲಿ ಅವಳ ಕೆಲಸ. ಪರದೆಯ ಮೇಲೆ ಸಾಲು ಓರೆಯಾಗಿದೆ ಅನ್ನಿಸಿದರೆ ನೂಲು ಹಿಡಿದು ನೋಡುವ ಹುಚ್ಚು ಅವಳದು, ಅದಕ್ಕೇ ಅಲ್ಲಿ ಎಲ್ಲರ ಬಾಯಲ್ಲೂ ಅವಳು ನೂಲಮ್ಮ. ಎರಡು ತಿಂಗಳ ಹಿಂದೆ ಯಾವುದೋ ಉದ್ಯಮ ಸಮೂಹದ ಕೆಲಸ ಬಂದಿತ್ತು. ಅದರ ಹೊಟ್ಟೆಯಲ್ಲಿ ಅಕ್ಕನ ಲಾಂಡ್ರಿಯೂ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ದೂರಿನ ಫಾರ್ಮಿನಲ್ಲಿ ನೌಕರರ ಎಂಟಂಕಿಯ ಗುರುತಿನ ಸಂಖ್ಯೆ ಕಡ್ಡಾಯ, ಅದು ತುಂಬುವವರೆಗೆ ಬಟನ್ ಕಾಣಬಾರದು ಎಂದು ಸೂಚನೆ ಬಂದಿತ್ತು. ಮೊದಲಾದರೆ ಇಂಥದ್ದಕ್ಕೆ ಉದ್ದುದ್ದ ಸ್ಕ್ರಿಪ್ಟ್ ಬರೆಯಬೇಕಿತ್ತು. ಈಗ ಬ್ರೌಸರುಗಳು ಚುರುಕಾಗಿವೆ. ಒಳಗೆ ಒಂದು ಖಾನೆ ಸರಿಯಿಲ್ಲದಿದ್ದರೂ ಬಟನ್ ಮರೆಯಾಗಲಿ ಎಂದು ಪುಟದ ರೂಪ ತಿದ್ದುವ ಸ್ಟೈಲ್ ಶೀಟಿನಲ್ಲಿ ಒಂದು ಸಾಲು ಬರೆದರೆ ಆಯಿತು. ಅವಳು ಬರೆದಳು. ಯಜಮಾನರು ಎಲ್ಲರನ್ನೂ ಕರೆದು ತೋರಿಸಿ ಭೇಷ್ ಅಂದರು. ಅವಳು ಹಿಗ್ಗಿದ್ದಳು ಕೂಡ. ಗುತ್ತಿಗೆಯವರಿಗೆ ಆ ಸಂಖ್ಯೆಯನ್ನೇ ಕೊಡುವುದಿಲ್ಲ ಎಂದು ಆಗ ಅವಳಿಗೆ ಹೊಳೆಯಲಿಲ್ಲ. ಸ್ವಂತ ಅಕ್ಕನ ಬಾಯಿಗೆ ತಾನೇ ಬೀಗ ಜಡಿದಿದ್ದಳು.

ಅಂದೇ ಯಜಮಾನರ ಮುಂದೆ ನಿಂತು ಎಲ್ಲ ಹೇಳಿದಳು. ಖಾನೆ ಕಡ್ಡಾಯ ಬೇಡ ಸಾರ್, ಐದು ನಿಮಿಷದ ಕೆಲಸ ಅಂದಳು. ಅವರು ಚಹಾ ಹೀರುತ್ತ ಕೇಳಿಸಿಕೊಂಡರು.

"ಅದು ಅವರು ಮರೆತು ಹಾಕಿದ್ದಲ್ಲಮ್ಮ. ಬೇಕು ಅಂತಲೇ ಹಾಕಿಸಿದ್ದು."

"ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿಲ್ಲದೆ ವ್ಯಾಪಾರ ಮಾಡ್ತೀನಾ? ನೋಡು, ಈಗ ಬಾಯಲ್ಲಿ ಹೇಳಿದರೆ ಪರದೆ ಕಟ್ಟಿಕೊಡೋ ಟೂಲ್ ಬಂದಿದೆ. ಆದರೂ ನಿನ್ನ ಇಟ್ಕೊಂಡಿದೀನಿ. ಅದನ್ನ ನೆನಪಿಟ್ಕೊ."

ಅವಳು ಬಂದು ತನ್ನ ಜಾಗದಲ್ಲಿ ಕುಳಿತಳು. ಆಗ ಒಂದು ವಿಷಯ ನೆನಪಾಯಿತು. ಪುಟ ಬೇಗ ಮುಗಿಸಬೇಕೆಂದು ಯಜಮಾನರು ಎಲ್ಲರ ಬೆನ್ನು ಹತ್ತಿದ್ದರು. ದೂರು ಹೋಗಿ ಸೇರುವ ಸರ್ವರಿನಲ್ಲೂ ಸಂಖ್ಯೆ ಪರೀಕ್ಷಿಸಬೇಕು ಎಂದು ಅವಳು ಅಂದಾಗ, ಮುಂದಿನ ಬಾಗಿಲು ಮುಚ್ಚಿದೆಯಲ್ಲ, ಹಿಂದೆ ಯಾರು ನೋಡ್ತಾರೆ ಎಂದಿದ್ದರು. ಅಂದರೆ ತಡೆ ಇರುವುದು ನೋಡುವವರ ಪರದೆಯ ಮೇಲೆ ಮಾತ್ರ. ಪರದೆಯನ್ನು ನೋಡುವವರೇ ತಿದ್ದಬಹುದು.

ಮಾರನೆಯ ದಿನ ಮಧ್ಯಾಹ್ನ ಊಟದ ಬಿಡುವಿಗೆ ಅವಳು ಲಾಂಡ್ರಿಯ ಗೇಟಿನೆದುರು ಕಲ್ಲುಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದಳು. ಅಕ್ಕ ಬಂದಿದ್ದಳು. ಸೋಪಿನ ನೀರಿಗೆ ಬೆರಳು ಬಿರಿದವರು, ಕೆಮ್ಮು ಹತ್ತಿದವರು, ಸುಟ್ಟ ಕಲೆಯವರು, ಅಕ್ಕನೂ ಸೇರಿ ಒಟ್ಟು ಹತ್ತೊಂಬತ್ತು ಹೆಂಗಸರು ಸುತ್ತ ನಿಂತರು. ನೂಲಮ್ಮ ಫಾರ್ಮ್ ತುಂಬಿ, ಪುಟದ ಒಳಗಿನ ಬರಹ ತೆರೆದು, ಸಂಖ್ಯೆಯ ಖಾನೆಯಿದ್ದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಕ್ಕ ಎಡಗೈಯಲ್ಲಿ ಅಳಿಸುವ ಕೀಲಿ ಒತ್ತಿದಳು. ಖಾನೆ ಮಾಯವಾಯಿತು. ಕೆಳಗೆ ಬಟನ್ ಬಂತು.

"ಇದು ಇಲ್ಲೇ ಇತ್ತೇನೇ?" ಅಂದಳು ಅಕ್ಕ. ಅವಳ ಕಣ್ಣು ತುಂಬಿತ್ತು. ಒತ್ತಿದಳು. ದೂರು ಸ್ವೀಕರಿಸಲಾಗಿದೆ ಎಂದು ಬಂತು.

ಪುಟ ಹೊಸದಾಗಿ ತೆರೆದಾಗಲೆಲ್ಲ ಆ ಖಾನೆ ಮತ್ತೆ ಬಂದು ಕೂರುತ್ತಿತ್ತು. ಪ್ರತಿಯೊಬ್ಬಳಿಗೂ ಮತ್ತೆ ಅಳಿಸಬೇಕು. ಆರನೆಯ ದೂರು ಹೋಗುವಷ್ಟರಲ್ಲಿ ಯಜಮಾನರ ಫೋನು ಬಂತು. ಅವಳು ಎಲ್ಲರಿಗೂ ಕೇಳುವಂತೆ ಇಟ್ಟಳು.

"ಏನಮ್ಮ ನಡೀತಿದೆ ಅಲ್ಲಿ? ಸಂಖ್ಯೆ ಇಲ್ಲದ ದೂರು ಬರ್ತಿವೆ ಅಂತ ಕಂಪನಿಯೋರು ಬಯ್ತಿದಾರೆ. ಆ ಪುಟ ಈಗಲೇ ಇಳಿಸು."

"ಇನ್ನೂ ಹದಿಮೂರು ಜನ ಇದ್ದಾರೆ ಸಾರ್."

"ನಾಳೆಯಿಂದ ಬರಬೇಡ."

"ಸರಿ ಸಾರ್. ಇವತ್ತು ಸ್ವಲ್ಪ ಕೆಲಸ ಇದೆ."

ಫೋನಿಟ್ಟು ಅವಳು ತಲೆಯೆತ್ತಿದಳು. ಗೇಟಿನಿಂದ ಸೂಪರ್‌ವೈಸರ್ ಬಿರಬಿರನೆ ಬರುತ್ತಿದ್ದ. ಹೆಂಗಸರು ಅವನನ್ನು ನೋಡಿದರು. ಯಾರೂ ಕದಲಲಿಲ್ಲ, ಬೆಂಚಿನ ಸುತ್ತ ಇನ್ನಷ್ಟು ಒತ್ತಿ ನಿಂತರು. ಏಳನೆಯವಳು ಓದು ಬಾರದ ಮುದುಕಿ, ಅಲ್ಲಿ ಇಪ್ಪತ್ತೆರಡು ವರ್ಷ ಚಾದರ ಮಡಚಿದವಳು. ಅವಸರದಲ್ಲಿ ನೂಲಮ್ಮ ತಾನೇ ಅಳಿಸಲು ಹೋದಾಗ ಮುದುಕಿ ಅವಳ ಕೈ ಹಿಡಿದು ಪಕ್ಕಕ್ಕಿಟ್ಟಳು.

"ಯಾವುದು ಅಂತ ತೋರಿಸು ಸಾಕು ಮಗಳೇ. ನಾನೇ ಅಳಿಸ್ತೀನಿ."