ಚಂಚಿಯೊಳಗಿನ ಕಡಲೆ

ತೊಗರಿ ಕೊಯ್ಲಿನ ದಿನಗಳು. ಮೋರಖಂಡಿಯ ಹೊಲಗಳಲ್ಲಿ ಚಳಿ ಇನ್ನೂ ಬಿಟ್ಟಿರಲಿಲ್ಲ. ಶಂಶುದ್ದೀನ್ ತನ್ನ ಹೊಲದಲ್ಲಿ ತೊಗರಿ ಕಟ್ಟುಗಳನ್ನು ಬಣವೆ ಒಟ್ಟುತ್ತಿದ್ದ. ಖಾಲಿಯಾದ ಸಾಲುಗಳಲ್ಲಿ ಉದುರಿದ ಎಲೆಯನ್ನು ಅಮೋಘಸಿದ್ದಪ್ಪನ ಕುರಿಗಳು ಮೇಯುತ್ತಿದ್ದವು. ಅಮೋಘಸಿದ್ದಪ್ಪ ಕೋಲಿಗೆ ಗದ್ದ ಊರಿ ನಿಂತು ತನ್ನ ಬಲಗೈಯನ್ನೇ ಬೈಯುತ್ತಿದ್ದ. ಅದು ಮತ್ತೆ ಟೊಂಕದ ಚಂಚಿಗೆ ಹೋಗಿತ್ತು.

ಚಂಚಿಯಲ್ಲಿ ಈಗ ತಂಬಾಕು ಇರಲಿಲ್ಲ. ಮಳೆಗಾಲದಲ್ಲಿ ದವಡೆಯೊಳಗೆ ಬಿಳಿ ಕಲೆ ಎದ್ದಿತ್ತು. ಹುಮನಾಬಾದಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, "ತಂಬಾಕು ಬಿಟ್ರ ಬಾಯಿ ಉಳೀತದ. ಇಲ್ಲಾಂದ್ರ ಕೊಯ್ಯೋದು ಬರ್ತದ. ಖಾರನೂ ಬಂದ್" ಎಂದಿದ್ದರು. ಕೊಯ್ಯುವ ಮಾತಿಗಿಂತ ಅವನನ್ನು ಹೆದರಿಸಿದ್ದು ಖಾರದ ಮಾತು. ಅಂದಿನಿಂದ ಹೆಂಡತಿ ಮಾಣಿಕಮ್ಮ ಕೂಸಿಗೆ ಕೊಟ್ಟಂತೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡುತ್ತಿದ್ದಳು.

ಮೊದಲು ಅವನು ಚಂಚಿಯನ್ನು ಬಾವಿಗೆ ಎಸೆದ. ಸಂಜೆಯೊಳಗೆ ಹೊಸದೊಂದು ಟೊಂಕಕ್ಕೆ ಬಂತು. ದೇವರ ಮೇಲೆ ಆಣೆ ಮಾಡಿದ. ಆಣೆ ಊಟದ ತನಕ ಬಾಳಿತು. ಕಡೆಗೆ ಮಾಣಿಕಮ್ಮನೇ ನಡುವೆ ಬಂದಳು.

"ನಿಮ್ಮ ಕೈ ಜೋಡಿನೇ ಯಾಕ ಜಗಳ ತಗೀತೀರಿ? ಅದು ಹೋಗೋ ಕಡಿ ಹೋಗ್ಲಿ ಬಿಡ್ರಿ. ಅಲ್ಲಿ ಏನ್ ಸಿಗಬೇಕು ಅಂಬೋದು ನಾ ನೋಡ್ತೀನಿ."

ಹೀಗೆಂದು ಚಂಚಿಗೆ ಸಿಪ್ಪೆ ಸಮೇತ ಹುರಿದ ಕಡಲೆ ತುಂಬಿದಳು.

ಕೈ ಹೋಗುತ್ತಿತ್ತು, ಕಡಲೆ ಬರುತ್ತಿತ್ತು. ಹಳೆಯ ರೂಢಿಯಂತೆ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ತಿಕ್ಕಿ, ಸಿಪ್ಪೆ ಊದಿ, ನೋವಿಲ್ಲದ ದವಡೆಗೆ ಹಾಕಿಕೊಳ್ಳುತ್ತಿದ್ದ. ಉಳಿದ ಕಾಳು ಟಗರಿಗೆ. ಅದರ ಹೆಸರು ಸರದಾರ. ಕೊಟ್ಟಿದ್ದೇ ತಪ್ಪಾಯಿತು; ಯಾರ ಹೆಬ್ಬೆರಳು ಅಂಗೈ ತಿಕ್ಕಿದರೂ ಸರದಾರ ಓಡಿ ಬರುವುದನ್ನು ಕಲಿತುಬಿಟ್ಟ.

ಶಂಶುದ್ದೀನ್ ಬೇವಿನ ನೆರಳಿಗೆ ಬಂದು ಕುಳಿತ.

"ಬಾ ಸಿದ್ದಣ್ಣ, ಕೂಡು. ಕಡೀ ಚಿಟಿಕಿ ನಂದಿತ್ತು, ನೀ ಇನ್ನಾ ತಿರುಗಿಸಿಲ್ಲ. ನೆನಪದ ಇಲ್ಲ?"

ಮೀಸೆ ಮೂಡಿದಾಗಿನಿಂದ ಇಬ್ಬರ ನಡುವೆ ತಂಬಾಕು ಸರದಿಯ ಮೇಲೆ ನಡೆದಿತ್ತು.

"ನಾ ಬಿಟ್ಟೀನಪಾ."

"ಬಿಡು, ಬ್ಯಾಡ ಅಂದೋರ್ಯಾರು? ಬಾಕಿ ತೀರಿಸಿ ಬಿಡು. ಇವತ್ತಿಂದೂ ನಂದೇ ತಗೋ, ಎರಡೂ ಕೂಡೇ ಕೊಡುವಂತಿ."

ಶಂಶುದ್ದೀನ್ ಸುಣ್ಣ ಹಚ್ಚಿ ತಿಕ್ಕತೊಡಗಿದ. ಘಾಟು ಮೂಗಿಗೆ ಬಡಿಯಿತು. ಅಮೋಘಸಿದ್ದಪ್ಪನ ಬಾಯಲ್ಲಿ ನೀರೂರಿತು. ಇವತ್ತೊಂದು ದಿನ, ಅಷ್ಟೇ. ಎಡಗೈ ಚಾಚಿದ.

ಅಷ್ಟರಲ್ಲಿ ಸರದಾರ ನುಗ್ಗಿದ. ಮೂತಿಯನ್ನು ಶಂಶುದ್ದೀನನ ಅಂಗೈಗೇ ಹೊಗಿಸಿ, ಒಮ್ಮೆ ಉಸಿರೆಳೆದು, ಇಡೀ ಹಿಂಡು ತಿರುಗಿ ನೋಡುವಂತೆ ಸೀನಿದ. ತಂಬಾಕೆಲ್ಲ ಶಂಶುದ್ದೀನನ ಗಡ್ಡಕ್ಕೆ.

"ಹತ್ ತೇರಿ! ಏನ್ ಕಲಿಸೀಯೋ ಇದಕ?"

ಅಮೋಘಸಿದ್ದಪ್ಪ ನಕ್ಕು ನಕ್ಕು ಕೆಮ್ಮಿದ. ಶಂಶುದ್ದೀನ್ ಗಡ್ಡ ಝಾಡಿಸಿ ಮತ್ತೆ ತಿಕ್ಕಿದ. "ಜಲ್ದಿ ತಗೋ, ಅವ ಇನ್ನಾ ಸೀನಾಕತ್ತಾನ."

ಅಮೋಘಸಿದ್ದಪ್ಪ ತನ್ನ ಕೈ ನೋಡಿಕೊಂಡ. ಬಲಗೈ ಯಾವಾಗಲೋ ಟೊಂಕಕ್ಕೆ ಹೋಗಿ ಬಂದಿತ್ತು. ಎಡ ಅಂಗೈಯಲ್ಲಿ ಕಡಲೆ ಇತ್ತು, ಹೆಬ್ಬೆರಳು ಅದನ್ನು ತಿಕ್ಕುತ್ತಿತ್ತು. ಕೈಗೆ ಹೋಗೆಂದು ಅವನು ಹೇಳಿರಲಿಲ್ಲ. ತುಸು ಹೊತ್ತು ಬೇರೆಯವರ ಕೈಯನ್ನು ನೋಡುವಂತೆ ನೋಡಿದ. ಆಮೇಲೆ ಸಿಪ್ಪೆ ಊದಿ ಗೆಳೆಯನ ಮುಂದೆ ಹಿಡಿದ.

"ತಗೋ, ನನ್ನ ಬಾಕಿ."

ಶಂಶುದ್ದೀನ್ ತಿಕ್ಕಿದ ತಂಬಾಕನ್ನು ಚೀಟಿಯಲ್ಲಿ ಸುತ್ತಿಟ್ಟು, ಕಡಲೆ ಬಾಯಿಗೆ ಹಾಕಿಕೊಂಡು ಅಗಿದ. "ಇದು ಬಾಕಿಗಿ ಹಿಡಿಯಂಗಿಲ್ಲ. ತಂಬಾಕಿಗಿ ತಂಬಾಕೇ ಬೇಕು."

"ಹಂಗಾರ ಬಾಕಿನೇ ಇರ್ಲಿ ಬಿಡು. ಸಾಯೂತನಕ ಇರ್ಲಿ."

"ಇರ್ಲಿ" ಎಂದ ಶಂಶುದ್ದೀನ್ ಮತ್ತೆ ಕೈ ಒಡ್ಡಿದ. "ಇನ್ನೊಂದೀಟು ಹಾಕು."