ಬೀಜದ ಕೌದಿ

ನಾಗಮ್ಮನ ಮನೆಯಿಂದ ಕಸ ಹೊರಗೆ ಬೀಳುವುದೇ ಅಪರೂಪ ಎಂದು ಊರವರು ಗೇಲಿ ಮಾಡುತ್ತಿದ್ದರು. ಗೇಲಿ ಮಾಡಿದವರೇ ಬೇಕಾದಾಗ ಅವಳ ಹಿತ್ತಿಲಿಗೆ ಬಂದು ನಿಲ್ಲುತ್ತಿದ್ದರು ಎನ್ನುವುದು ಬೇರೆ ಮಾತು. ಒಡೆದ ಗಡಿಗೆಯ ಬಾಯಿ ಅವಳಲ್ಲಿ ಕೊಡ ಕೂರಿಸುವ ಸಿಂಬೆಯಾಗುತ್ತಿತ್ತು. ಒಣಗಿದ ಸೋರೆಬುರುಡೆಯಲ್ಲಿ ಉಪ್ಪು ನೀರೊಡೆಯದೆ ಇರುತ್ತಿತ್ತು. ಅಡಿಕೆ ಹಾಳೆ ಊಟಕ್ಕೂ ಆಯಿತು, ಸೆಕೆಗೆ ಬೀಸಿಕೊಳ್ಳಲಿಕ್ಕೂ ಆಯಿತು, ಒಮ್ಮೆ ಅವಳ ಅತ್ತೆ ಗಂಗೆಯ ಕಾಲು ಉಳುಕಿದಾಗ ಸುತ್ತಿ ಕಟ್ಟಲಿಕ್ಕೂ ಆಯಿತು. ಒಲೆಯ ಬೂದಿಯಂತೂ ಚಿನ್ನ. ಪಾತ್ರೆ ತಿಕ್ಕಿ, ಬದನೆ ಗಿಡಕ್ಕೆ ಉದುರಿಸಿ, ಬೀಜಕ್ಕೆ ಬೆರೆಸಿ, ಮಿಕ್ಕಿದ್ದು ತೆಂಗಿನ ಬುಡಕ್ಕೆ.

ಅಂಕೋಲೆಯ ತೆಂಕಣಕ್ಕೆ, ಗಂಗಾವಳಿ ಹಿನ್ನೀರಿನ ಅಂಚಿಗೆ ಅವಳ ಊರು. ಗದ್ದೆಗಳೆಲ್ಲ ಗಜನಿ ಗದ್ದೆಗಳು, ಅಂದರೆ ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಒಳಗೆ ಬಂದು ಹೋಗುವ ನೆಲ. ಅಲ್ಲಿ ಬೇರೆ ಯಾವ ಭತ್ತ ಹಾಕಿದರೂ ಸುಟ್ಟು ಹೋಗುತ್ತದೆ. ಕಗ್ಗ ಒಂದೇ ಬೆಳೆಯುತ್ತದೆ. ಕಪ್ಪು ಸಿಪ್ಪೆ, ಉದ್ದ ಮೀಸೆ, ಉಪ್ಪು ಕುಡಿದೂ ತಲೆಯೆತ್ತಿ ನಿಲ್ಲುವ ಭತ್ತ ಅದು. ಆ ಬೀಜ ಒಮ್ಮೆ ಕಳೆದರೆ ಪೇಟೆಯಲ್ಲಿ ಸಿಗುವಂಥದ್ದಲ್ಲ.

ಮೂವತ್ತೆರಡನೆಯ ಇಸವಿಯಲ್ಲಿ ಊರಿನವರೆಲ್ಲ ಬ್ರಿಟಿಷ್ ಸರಕಾರಕ್ಕೆ ಭೂಮಿಯ ತೆರಿಗೆ ಕೊಡುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿದರು. ನಾಗಮ್ಮನ ಗಂಡ ಬೊಮ್ಮು ಮುಂದೆ ನಿಂತವನು, ಹಾಗಾಗಿ ಮೊದಲು ಜೈಲಿಗೆ ಹೋದವನೂ ಅವನೇ. ಆಮೇಲೆ ಜಪ್ತಿ ಶುರುವಾಯಿತು. ತಾಮ್ರದ ಹಂಡೆ ಹೋಯಿತು, ಹಿತ್ತಾಳೆ ಕೊಡ ಹೋಯಿತು, ಎಮ್ಮೆ ಹೋಯಿತು. ನಾಗಮ್ಮ ಅಳಲಿಲ್ಲ. ಚಿಪ್ಪಿನ ಸೌಟು, ಮಣ್ಣಿನ ಗಡಿಗೆ, ಹಾಳೆಯ ತಟ್ಟೆಯಲ್ಲಿ ಸಂಸಾರ ನಡೆಸಿದಳು. ಪಾತ್ರೆ ಕಳಕೊಂಡ ಮನೆಗಳಿಗೂ ಹೋಗಿ ಅದನ್ನೇ ಕಲಿಸಿ ಬಂದಳು. ಆದರೆ ಆಮೇಲೆ ಭತ್ತದ ಕಣಜಗಳನ್ನೂ ಬಳಿಯತೊಡಗಿದರು. ಬೀಜವೇ ಹೋದರೆ ಬರುವ ಮಳೆಗಾಲಕ್ಕೆ ಬಿತ್ತುವುದೇನು?

ಆಗ ಅವಳು ಕೌದಿ ಹೊಲಿದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ನಡುವೆ ಉದ್ದುದ್ದ ಚೀಲದಂಥ ಸಾಲು ಮಾಡಿ, ಹುಳ ಹಿಡಿಯದಂತೆ ಬೂದಿ ಮತ್ತು ಒಣ ಲಕ್ಕಿಸೊಪ್ಪು ಬೆರೆಸಿದ ಕಗ್ಗದ ಬೀಜವನ್ನು ತೆಳುವಾಗಿ ತುಂಬಿದಳು. ಸೀರೆಯ ಅಂಚಿನಿಂದಲೇ ಎಳೆದ ನೂಲು. ಅವಳ ಹೊಲಿಗೆ ಊರಿಗೇ ಬೇರೆ: ಎರಡು ಗಿಡ್ಡ, ಒಂದು ಉದ್ದ, ಗೇಣಿಗೊಂದು ಹಿಂದೆ ಬರುವ ಗಂಟು. ಸತ್ತುಹೋದ ತಾಯಿ ಕಲಿಸಿದ್ದು. ಕೌದಿಯ ಮೇಲೆ ಅತ್ತೆಯನ್ನು ಮಲಗಿಸಿದಳು. ಜಪ್ತಿಯವರು ಬಂದಾಗ ಗಂಗೆ ಮುದುಕಿ ಎಂದೂ ಇಲ್ಲದ ನರಳಾಟ ನರಳಿದಳು. ಬಂದವರು ಮೂಗು ಮುಚ್ಚಿಕೊಂಡು ಹೊರಟರು. ನೆರೆಮನೆಯ ಕಾಮಿ ಅದನ್ನು ನೆನೆದು ಮೂರು ದಿನ ನಕ್ಕಳು.

ನಗು ಬಹಳ ದಿನ ಉಳಿಯಲಿಲ್ಲ. ಪಕ್ಕದೂರಿನಲ್ಲಿ ದಿಂಬು ಹಾಸಿಗೆಗಳನ್ನೂ ಹರಿದು ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು. ಊರಿನ ಉಳಿದ ಮನೆಗಳ ಬೀಜ ಅಷ್ಟರಲ್ಲಿ ಹೋಗಿಯಾಗಿತ್ತು. ಉಳಿದದ್ದು ನಾಗಮ್ಮನ ಕೌದಿಯಲ್ಲಿದ್ದಷ್ಟೇ, ಒಂದು ಗದ್ದೆಗೆ ಸಾಲುವಷ್ಟು. ಅದನ್ನು ಬಿತ್ತಿ ಬೆಳೆದರೆ ಮರುವರ್ಷ ಎಲ್ಲರಿಗೂ ಹಂಚುತ್ತೇನೆ ಎಂದು ಅವಳು ಕಾಮಿಗೂ ಮಿಕ್ಕವರಿಗೂ ಮಾತು ಕೊಟ್ಟಿದ್ದಳು.

ಅವಳಿಗೆ ನೆನಪಾದದ್ದು ತಮ್ಮ ಸುಬ್ಬ. ಕಾರವಾರದ ಶಿರವಾಡದಲ್ಲಿ ಮನೆ, ಸರಕಾರಿ ಕಚೇರಿಯಲ್ಲಿ ಕಾಗದ ಜೋಡಿಸುವ ಕೆಲಸ, ಅಲ್ಲಿ ಅವನ ಹೆಸರು ಸುಬ್ರಾಯ. ಆದರೇನು, ನಾಲ್ಕು ವರ್ಷಕ್ಕೇ ತಾಯಿಯನ್ನು ಕಳಕೊಂಡವನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು ಇವಳು. ಮಳೆ ಹಿಡಿದ ದಿನಗಳಲ್ಲಿ ಹೊರಗೆ ಬಿಡಲಾಗದೆ, ಅವನ ಕೈಗೂ ಸೂಜಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಅವನ ಹೆಂಡತಿ ಮಂಗಲಾ ಆಗಷ್ಟೇ ತವರು ಚೆಂಡಿಯಾದಲ್ಲಿ ಹೆಣ್ಣು ಹೆತ್ತಿದ್ದಳು. ಕೂಸು ಅಪ್ಪನ ಮನೆಗೆ ಬರುವ ಮೊದಲು ಸೋದರತ್ತೆ ಹಳೆಸೀರೆಯ ಕೌದಿ ಹೊಲಿದು ಮುಟ್ಟಿಸುವುದು ಅವರಲ್ಲಿ ಪದ್ಧತಿ. ಯಾವ ಪೊಲೀಸನೂ ತಪ್ಪು ಹಿಡಿಯಲಾಗದ ಪದ್ಧತಿ.

ಎತ್ತಿನ ಗಾಡಿಯಲ್ಲಿ ಹೊರಟವಳನ್ನು ದಾರಿಯಲ್ಲಿ ಒಬ್ಬ ಪೊಲೀಸ ತಡೆದೇ ತಡೆದ. ಕೌದಿ ಎತ್ತಿ ನೋಡಿ, "ಏನಿದು, ಕಲ್ಲಿದ್ದಾಂಗೆ ಅದೆ?" ಎಂದ.

"ಮೊದಲ್ನೇ ಕೂಸು ಒಡೆಯಾ. ಸೋದರತ್ತೆ ಕೊಟ್ಟಿದ್ದು ಹಗುರ ಆದ್ರೆ ಬೀಗರು ಆಡ್ಕಂತ್ರು," ಎಂದಳು ನಾಗಮ್ಮ.

ಪೊಲೀಸನಿಗೂ ಅಕ್ಕ ಇದ್ದಿರಬೇಕು, ನಕ್ಕು ಬಿಟ್ಟುಬಿಟ್ಟ.

ಶಿರವಾಡದಲ್ಲಿ ಸುಬ್ಬ ಒಬ್ಬನೇ ಇದ್ದ. ಅವಳು ಗುಟ್ಟು ಹೇಳಿದ್ದು ಅವನೊಬ್ಬನಿಗೇ. ಅವನು ಕೌದಿಯ ಮೇಲೆ ಕೈಯಾಡಿಸಿದ. "ಅಮ್ಮನ ಹೊಲಿಗೆ," ಎಂದ. ಆಮೇಲೆ, "ನೀ ಹೆದರ್ಬೇಡ ಅಕ್ಕಾ. ನನ್ನ ಜೀವ ಹೋದ್ರೂ ಇದ್ರಾಗಿಂದು ಒಂದು ಕಾಳು ಹೋಗೂದಿಲ್ಲ," ಎಂದ. ಅವಳಿಗೆ ಕಣ್ಣು ತುಂಬಿ ಬಂತು. ಅಕ್ಕನಾಗಿ ಹುಟ್ಟಿದ್ದು ಸಾರ್ಥಕ ಎಂದುಕೊಂಡೇ ಗಾಡಿ ಹತ್ತಿದಳು.

ಆ ಬೇಸಿಗೆಯಲ್ಲಿ ಗದ್ದೆಗಳನ್ನೂ ಹರಾಜಿಗೆ ಹಾಕಿದ ನೋಟೀಸು ಬಂತು. ಊರಿನವರು ಯಾರೂ ಕೂಗುವುದಿಲ್ಲ ಎಂದು ಮೊದಲೇ ಆಣೆಯಾಗಿತ್ತು. ಅಂಕೋಲೆಯಲ್ಲಿ ಹರಾಜಿನ ದಿನ ಒಂದು ನರಪಿಳ್ಳೆಯೂ ಬರಲಿಲ್ಲ ಎಂದು ತಿಳಿದು ಎಲ್ಲರಿಗೂ ಹಿಗ್ಗು. ಗದ್ದೆ ನಮ್ಮ ಕೈಯಲ್ಲೇ ಉಳಿಯಿತು, ಬಿತ್ತಿದರಾಯಿತು ಎಂದುಕೊಂಡರು.

ಮೇ ಕೊನೆಗೆ ನಾಗಮ್ಮ ಮತ್ತೆ ಶಿರವಾಡಕ್ಕೆ ಹೋದಳು. ಬೀಜ ತೆಗೆದು, ಚಿಂದಿ ತುಂಬಿ, ಕೂಸಿಗೆ ಕೌದಿ ವಾಪಸು ತರುತ್ತೇನೆ ಎಂದು ಹೇಳಿ ಹೊತ್ತು ತಂದಳು. ಸುಬ್ಬನೇ ಗಾಡಿಯವರೆಗೆ ತಂದುಕೊಟ್ಟ. ತೂಕ ಅಷ್ಟೇ ಇತ್ತು. ದಾರಿಯಲ್ಲಿ ಬಿಚ್ಚಿ ನೋಡುವ ಯೋಚನೆಯೂ ಬರಲಿಲ್ಲ. ಬೀಜಕ್ಕೆಂದು ಕಟ್ಟಿದ್ದನ್ನು ಮಳೆಗೆ ಮುಂಚೆ ಬಿಚ್ಚಿದರೆ ಕಸುವು ಹೋಗುತ್ತದೆ ಎಂದು ಅವರ ಕಡೆ ಯಾರೂ ಬಿಚ್ಚುವುದಿಲ್ಲ.

ಮೊದಲ ಮಳೆ ಬಿದ್ದ ಮರುದಿನ ಬೆಳಗ್ಗೆ ಅಂಗಳದಲ್ಲಿ ಕೌದಿ ಬಿಚ್ಚಿದರು. ಕಾಮಿ ಒಂದು ಸೂಡಿ ಒಣಹುಲ್ಲು ತಂದಳು. ಬೀಜ ಹೊರಗೆ ಬಿದ್ದಾಗ ಮೀಸೆಗಳೆಲ್ಲ ಮುರಿದಿದ್ದವು. ಅತ್ತೆ ಮಲಗಿ ಹೊರಳಾಡಿದ್ದಕ್ಕೆ ಮುರಿದಿರಬೇಕು ಎಂದುಕೊಂಡಳು ನಾಗಮ್ಮ. ಬಣ್ಣ ಸ್ವಲ್ಪ ಮಂಕು. ಬೂದಿ ಹತ್ತಿದ್ದಕ್ಕೆ ಎಂದುಕೊಂಡಳು. ನಂಬಿದವರಿಗೆ ಎಲ್ಲದಕ್ಕೂ ಒಂದು ಸಮಾಧಾನ ಸಿಗುತ್ತದೆ. ಒಂದು ಹಗಲು ನೀರಲ್ಲಿ ನೆನೆಸಿ, ಹುಲ್ಲಿನಲ್ಲಿ ಸುತ್ತಿ, ಮೇಲೆ ಕಲ್ಲು ಹೇರಿಟ್ಟರು.

ಮೂರನೆಯ ದಿನ ಮೊಳಕೆ ಬಿಳಿ ಹಲ್ಲಿನ ಹಾಗೆ ಕಾಣಬೇಕು. ಕಾಣಲಿಲ್ಲ. ನಾಲ್ಕನೆಯ ದಿನವೂ ಇಲ್ಲ. ಐದನೆಯ ದಿನ ಹುಲ್ಲು ಬಿಡಿಸಿದಾಗ ಹುಳಿನಾತ ಹೊಡೆಯಿತು. ಕಾಮಿ ಒಂದು ಕಾಳು ಹಲ್ಲಿಗಿಟ್ಟು ಕಚ್ಚಿದಳು, ಉಗುಳಿದಳು.

"ನಾಗಮ್ಮಾ, ಇದು ಬೇಯಿಸಿದ ಭತ್ತ."

ಅಂಗಳದಲ್ಲಿದ್ದ ಹತ್ತು ಜನರೂ ಒಂದೊಂದು ಕಾಳೆತ್ತಿ ಮೂಸಿದರು. ಕುಚ್ಚಲಕ್ಕಿ ಮಾಡಲು ಭತ್ತ ಬೇಯಿಸಿ ಒಣಗಿಸುವುದು ಎಲ್ಲರ ಮನೆಯ ಕೆಲಸ, ಆ ವಾಸನೆ ಯಾರಿಗೆ ಗೊತ್ತಿಲ್ಲ? ಬೇಯಿಸಿದ ಕಾಳು ಅನ್ನವಾದೀತು, ಸಸಿಯಾಗಲಾರದು.

"ನಿನ್ನ ನಂಬ್ಕಂಡು ಕೂತಿದ್ವು," ಎಂದಳು ಕಾಮಿ. ಬಯ್ಯಲಿಲ್ಲ, ಅಷ್ಟೇ ಎಂದಳು. ಉಳಿದವರ ಕಣ್ಣಲ್ಲಿ ಇದ್ದದ್ದು ನಾಗಮ್ಮನಿಗೆ ಕಂಡಿತು. ಬೀಜ ಯಾರಿಗೆ ಕೊಟ್ಟಳೋ, ಗಂಡನನ್ನು ಬಿಡಿಸಿಕೊಳ್ಳಲು ಏನು ಮಾಡಿದಳೋ ಎನ್ನುವ ಅನುಮಾನ. ಒಬ್ಬೊಬ್ಬರಾಗಿ ಎದ್ದು ಹೋದರು. ಗಂಡ ಜೈಲಿಗೆ ಹೋದಾಗಲೂ ಆಗದಷ್ಟು ಸಂಕಟ ಆವತ್ತು ಅವಳಿಗಾಯಿತು.

ಬಿಚ್ಚಿ ಬಿಸಾಡಿದ ಕೌದಿಯನ್ನು ಮಡಿಲಿಗೆಳೆದುಕೊಂಡು ಅಂಚು ಅಂಚು ನೋಡಿದಳು. ಬಿಚ್ಚುವಾಗ ಅವಸರದಲ್ಲಿ ಕಾಣದ್ದು ಈಗ ಕಂಡಿತು. ಒಂದು ಬದಿಯ ಹೊಲಿಗೆಯಲ್ಲಿದ್ದದ್ದು ಅವಳ ಸೀರೆಯಂಚಿನ ನೂಲಲ್ಲ. ಬಿಳಿಯ, ಮೇಣ ಹಚ್ಚಿದ ದಾರ. ಕಚೇರಿಯಲ್ಲಿ ಕಡತ ಹೊಲಿಯುವ ದಾರ. ಮಂಗಲಾ ಮಾಡಿದಳೇ ಎಂದು ಒಂದು ಗಳಿಗೆ ಆಸೆಪಟ್ಟಳು. ಹೌದು, ಆಸೆಯೇ ಪಟ್ಟಳು. ಹೊಲಿಗೆಯ ಮೇಲೆ ಬೆರಳಾಡಿಸಿದಾಗ ಆ ಆಸೆಯೂ ಹೋಯಿತು. ಎರಡು ಗಿಡ್ಡ, ಒಂದು ಉದ್ದ, ಗೇಣಿಗೊಂದು ಹಿಂದೆ ಬರುವ ಗಂಟು. ಭೂಮಿಯ ಮೇಲೆ ಆ ಹೊಲಿಗೆ ಬಲ್ಲವರು ಇಬ್ಬರೇ ಉಳಿದಿದ್ದರು.

ಅವಳು ಕೂಡಲೇ ಓಡಲಿಲ್ಲ. ಆ ಭತ್ತವನ್ನು ತೊಳೆದಳು, ಮಳೆಯ ನಡುವೆ ಬಿದ್ದ ಬಿಸಿಲಿಗೆ ಒಣಗಿಸಿದಳು, ಒರಳಿಗೆ ಹಾಕಿ ಕುಟ್ಟಿದಳು. ಕೇರಿದ ಹೊಟ್ಟನ್ನು ಕೋಳಿಗೆ ಹಾಕಿದಳು. ಕೌದಿಗೆ ಚಿಂದಿ ತುಂಬಿ ತನ್ನ ನೂಲಿನಲ್ಲಿ ಹೊಲಿದಳು. ಬಿಳಿದಾರವನ್ನು ಒಂದು ಎಳೆಯೂ ತುಂಡಾಗದಂತೆ ಎಳೆದು ತೆಂಗಿನ ಚಿಪ್ಪಿನ ಚೂರಿಗೆ ಸುತ್ತಿದಳು.

ಶಿರವಾಡದ ಮನೆಯ ಜಗಲಿಯಲ್ಲಿ ಸುಬ್ಬ ಕೂತಿದ್ದ. ಅಕ್ಕನನ್ನು ಕಂಡದ್ದೇ ಎದ್ದು ನಿಂತ. ಅವಳು ಅಕ್ಕಿಯ ಗಂಟನ್ನು ಅವನ ಕಾಲ ಬಳಿ ಇಟ್ಟಳು.

"ಎಂತ ಅಕ್ಕಾ ಇದು?"

"ನೀ ಬೇಯಿಸಿದ್ದು. ನಮ್ಮನೇಲಿ ಎಂತದನ್ನೂ ಹಾಳು ಮಾಡೂದಿಲ್ಲ, ನಿಂಗೆ ಗೊತ್ತದ್ಯಲ್ಲ. ಕುಟ್ಕಂಡು ಬಂದೆ. ಉಣ್ಣು."

ಅವನು ಸುಳ್ಳು ಹೇಳಲು ಬಾಯಿ ತೆರೆದ. ಅಕ್ಕನ ಮುಖ ನೋಡಿ ಮುಚ್ಚಿದ. ಆಮೇಲೆ ನೆಲ ನೋಡುತ್ತ ಹೇಳಿದ. ಹರಾಜಿಗೆ ಅಂಕೋಲೆಯಲ್ಲಿ ಯಾರೂ ಬಾರದಿದ್ದಾಗ ಕಾರವಾರದಲ್ಲೇ ಕಾಗದದ ಮೇಲೆ ಗದ್ದೆ ಮಾರಿದ್ದರು. ನಾಗಮ್ಮನ ಗದ್ದೆಯನ್ನು ಕೊಂಡವನು ಅವನೇ.

"ಹೊರಗಿನವ್ರ ಪಾಲಾಗ್ಬಾರ್ದು ಹೇಳಿ ತಕಂಡೆ ಅಕ್ಕಾ. ನಿನ್ನ ಮೇಲಾಣೆ."

"ಮತ್ತೆ ಬೀಜ ಎಂತಕ್ಕೆ ಬೇಯಿಸ್ದೆ?"

"ಈ ಮಳೆಗಾಲ ನೀವು ಬಿತ್ತಿದ್ರೆ ಕಬ್ಜಾ ನಿಮ್ದೇ ಆಗ್ತಿತ್ತು. ನನ್ನ ಕಾಗದ ನಿಲ್ತಿರ್ಲಿಲ್ಲ."

"ಬೀಜ ಹೋಯ್ತು ಹೇಳಿ ಬಿಟ್ಟಿದ್ರೆ ಆಗ್ತಿತ್ತಲ."

"ಹಾಂಗೆ ಹೇಳಿದ್ರೆ ನೀ ಸುಮ್ನೆ ಕೂರ್ತಿದ್ಯಾ? ಹೊಳೆ ದಾಟಿ ಹೋಗಿಯಾದ್ರೂ ಬೇರೆ ಬೀಜ ತರ್ತಿದ್ದೆ. ಮೊಳಕೆ ಬಪ್ಪೂದನ್ನೇ ಕಾಯ್ತಾ ಕೂತ್ರೆ ಬಿತ್ತೂ ಹೊತ್ತು ಕಳೀತದೆ."

ಅಕ್ಕನ ಗುಣವನ್ನು ಅಷ್ಟು ಚೆನ್ನಾಗಿ ತಿಳಿದು, ಆ ಗುಣವನ್ನೇ ಹಿಡಿದು ಅವಳ ಕುತ್ತಿಗೆ ಕೊಯ್ದಿದ್ದ. ನಾಗಮ್ಮನಿಗೆ ಅವನನ್ನು ಹೊಡೆಯಬೇಕು ಅನಿಸಿತು. ಕೈ ಏಳಲಿಲ್ಲ.

ಅಷ್ಟರಲ್ಲಿ ಮಂಗಲಾ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಅವಳಿಗೆ ಏನೂ ತಿಳಿದಿರಲಿಲ್ಲ. ಗಂಟು ಬಿಚ್ಚಿ ನೋಡಿ, "ಕಗ್ಗದ ಅಕ್ಕಿ! ಎಷ್ಟು ದಿನ ಆಗಿತ್ತು. ಅತ್ತಿಗೆ, ಇದ್ರದ್ದೇ ಗಂಜಿ ಮಾಡ್ತೆ, ಉಂಡ್ಕಂಡೇ ಹೋಗ್ಬೇಕು," ಎಂದಳು.

"ನಂಗೆ ಹಸಿವಿಲ್ಲ ಮಗಾ. ನೀವು ಉಣ್ಣಿ," ಎಂದಳು ನಾಗಮ್ಮ. ಕೌದಿಯನ್ನು ಜಗಲಿಯಲ್ಲಿ ಹಾಸಿ, ಕೂಸನ್ನು ಇಸಕೊಂಡು ಅದರ ಮೇಲೆ ಮಲಗಿಸಿದಳು. ಈಗ ಅದು ಹಗುರವಾಗಿತ್ತು, ಮೆತ್ತಗಿತ್ತು. ಕೂಸು ಕಾಲು ಬಡಿಯಿತು. ಅದರ ತಪ್ಪೇನು, ಸೋದರತ್ತೆಯ ಕೌದಿ ಅದಕ್ಕೆ ಸಲ್ಲಬೇಕಾದದ್ದು.

ಮಂಗಲಾ ಅಕ್ಕಿ ಎತ್ತಿಕೊಂಡು ಒಳಗೆ ಹೋದಳು. ನಾಗಮ್ಮ ಸೆರಗಿನ ಗಂಟು ಬಿಚ್ಚಿ, ಚಿಪ್ಪಿನ ಚೂರಿಗೆ ಸುತ್ತಿದ ಬಿಳಿದಾರವನ್ನು ತಮ್ಮನ ಕೈಯಲ್ಲಿಟ್ಟಳು.

"ಇದು ಸರಕಾರದ್ದು. ಕಚೇರಿಗೆ ಕೊಟ್ಬಿಡು," ಎಂದಳು. "ಹೊಲಿಗೆ ನಂದು. ಅದನ್ನ ನಿನ್ನ ಕೈಯಿಂದ ಹೆಂಗೆ ವಾಪಸ್ ತಕಣೂದು ಹೇಳಿ ನಂಗೆ ತಿಳೀತಿಲ್ಲ."

"ಅಕ್ಕಾ," ಎಂದ ಸುಬ್ಬ.

ಅವಳು ಮೆಟ್ಟಿಲಿಳಿದಿದ್ದಳು. ಒಳಗೆ ಮಂಗಲಾ ಅಕ್ಕಿ ತೊಳೆಯುವ ಸದ್ದು ಕೇಳುತ್ತಿತ್ತು, ತೊಳೆದ ನೀರನ್ನು ಹಿತ್ತಿಲಿಗೆ ಚೆಲ್ಲಿದ ಸದ್ದೂ ಕೇಳಿತು. ಆ ನೀರು ಬಸಳೆಯ ಬುಡಕ್ಕೆ ಒಳ್ಳೆಯದು ಎಂದು ಕೂಗಿ ಹೇಳಲು ಬಾಯಿಗೆ ಬಂದಿತ್ತು. ಹೇಳದೆ ಅಂಕೋಲೆಯ ದಾರಿ ಹಿಡಿದಳು.