ಹರಳೆಣ್ಣೆಯೂ ನೊರೆ ಬಾರದ ಸೋಪೂ

ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ, ಮಗ ಪ್ರತಾಪನ ಹದಿನಾಲ್ಕನೇ ಮಹಡಿಯ ಮನೆಯ ಬಚ್ಚಲಲ್ಲಿ ಪುಟ್ಟಮ್ಮ ಬಾವಿಗೆ ಬಿದ್ದ ಆನೆಯ ಹಾಗೆ ಸಿಕ್ಕಿಬಿದ್ದಿದ್ದಳು. ಸಂಜೆಗೆ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಮಗಳು ಸಂಧ್ಯಾರಾಣಿಯ ಕೂಸಿಗೆ ನಾಮಕರಣ. ಕಿವಿಯಲ್ಲಿ ಹೆಸರು ಹೇಳಲು ನೀನೇ ಬರಬೇಕು ಎಂದು ಮಗಳು ಅತ್ತು ಕರೆದಿದ್ದಳು. ವಿಮಾನ ತಪ್ಪಿದರೆ ಆ ಹೆಸರನ್ನು ಇನ್ಯಾರೋ ಹೇಳುತ್ತಾರೆ.

ಶುಭಕಾರ್ಯಕ್ಕೆ ಎಣ್ಣೆಸ್ನಾನ ಆಗಲೇಬೇಕಲ್ಲ! ಸಿಡ್ನಿಯ ರೈಲುಗಳಿಗೆಲ್ಲ ಸಾಕಾಗುವಷ್ಟು ಹರಳೆಣ್ಣೆ ಬಳಿದುಕೊಂಡು, ಒಳಗಿನಿಂದ ಲಾಕ್ ಹಾಕಿಕೊಂಡಿದ್ದಳು. ಸೀಗೆಪುಡಿ ಮುಗಿದಿತ್ತು. ಇದ್ದದ್ದು ಸೊಸೆ ಅಪರ್ಣಳ ಸೀಸೆ ಒಂದೇ. ತಾನು ಕೆಲಸ ಮಾಡುವ ನಾರ್ವೆಸ್ಟ್ ಬಡಾವಣೆಯ ಲ್ಯಾಬಿನಲ್ಲಿ ಅವಳು ತೆಂಗು, ಸಕ್ಕರೆಗಳಿಂದ ತಯಾರಿಸಿದ ಮೆದು ಸೋಪು ಅದು. "ನೊರೆ ಬರಕ್ಕೂ ವೀಸಾ ಬೇಕೇನವ್ವಾ ಇದಕ್ಕೆ?" ಎಂದು ಪುಟ್ಟಮ್ಮ ಊರಿಂದ ಬಂದಾಗಿನಿಂದ ಅದನ್ನು ಆಡಿಕೊಳ್ಳುತ್ತಿದ್ದಳು.

ಈಗ ತಲೆಗೆ ನೀರು ಸುರಿದು, ಆ ಸೋಪನ್ನು ಒಂದು ಹನಿ ಹಚ್ಚಿದಳು. ಎಣ್ಣೆ ಅಲ್ಲಾಡಲಿಲ್ಲ. ಹೊರಗೆ ಹೋಗಲು ಬಾಗಿಲ ಗುಂಡುಹಿಡಿ ತಿರುಗಿಸಿದರೆ ಕೈ ಜಾರಿತು. ಸೀರೆ ಸುತ್ತಿ ತಿರುಗಿಸಿದಳು, ಸೀರೆಗೂ ಎಣ್ಣೆ. ಟವೆಲಿಗೂ ಎಣ್ಣೆ. ಕಿಟಕಿಯಿಲ್ಲದ ಆ ಗೂಡಿನಲ್ಲಿ ಗೋಡೆಗಳು ಹತ್ತಿರ ಬಂದಂತಾಗಿ ಬಾಗಿಲು ಬಡಿದಳು.

"ಅಪರ್ಣಾ! ಸತ್ತೆ ಕಣೇ!"

"ಅತ್ತೆ, ಪ್ರತಾಪ್ ಕಾರಲ್ಲಿ ಕಾಯ್ತಿದಾರೆ. ಬಾಗ್ಲು ಒಡೆಯಕ್ಕೆ ಬಿಲ್ಡಿಂಗ್ ಮ್ಯಾನೇಜರ್‌ನ ಕರೀಲಾ?"

"ಈ ಅವತಾರದಲ್ಲಿ ಗಂಡಸು ನನ್ನ ನೋಡದಾ? ಇಲ್ಲೇ ಉಪ್ಪಿನಕಾಯಿ ಆಯ್ತೀನಿ, ಕರೀಬ್ಯಾಡ!"

"ಹಂಗಾದ್ರೆ ನಾನು ಹೇಳಿದ್ದು ಕೇಳಿ. ಟಿಶ್ಯೂನಲ್ಲಿ ಕೈ ಒರೆಸ್ಕೊಳ್ಳಿ. ನೀರು ಮುಟ್ಟಬೇಡಿ. ನನ್ನ ಸೋಪು ಅಂಗೈ ತುಂಬ ಹಾಕ್ಕೊಂಡು ಉಜ್ಜಿ. ಎಣ್ಣೆ ಮಜ್ಜಿಗೆ ಥರ ಬೆಳ್ಳಗಾಗುತ್ತೆ, ಆಮೇಲೆ ನೀರು ಹಾಕಿ."

"ನೊರೆ?"

"ನೊರೆ ಮರೀರಿ ಅತ್ತೆ! ಎಣ್ಣೆನೂ ನೀರನ್ನೂ ಸೇರಿಸೋದಷ್ಟೇ ಅದರ ಕೆಲಸ."

ಸೊಸೆಗೆ ಸೋಲುವುದು ಪುಟ್ಟಮ್ಮನಿಗೆ ಸಾವಿಗಿಂತ ಒಂದು ಮೊಳ ಜಾಸ್ತಿ. ಆದರೆ ಕೂಸಿನ ಕಿವಿ ಕಣ್ಣಮುಂದೆ ಬಂತು. ಉಜ್ಜಿದಳು. ಬೆರಳ ಸಂದಿಯಲ್ಲಿ ಎಣ್ಣೆ ನಿಧಾನವಾಗಿ ಹಾಲಿನಂತಾಯಿತು. ನೀರು ಬಿಟ್ಟಳು, ಕೈ ಹಗುರಾಯಿತು. ಹಿಡಿ ಕಟಕ್ಕೆಂದು ತಿರುಗಿತು.

ಅಪರ್ಣ ಬಾಯಿಬಿಟ್ಟು ನೋಡಿದಳು. "ತಲೆ ಹಂಗೇ ಇದೆಯಲ್ಲ!"

"ತಲೆಗೆ ಹೊತ್ತೆಲ್ಲಿ? ಬಾಕ್ಸ್ ಹಿಲ್ಲಲ್ಲಿ ತೊಳ್ಕತೀನಿ. ಆ ಸೀಸೆನ ಚೀಲಕ್ಕೆ ಹಾಕು."

"ಯಾವ ಸೀಸೆ ಅತ್ತೆ?"

"ಗೊತ್ತಿಲ್ವಾ ನಿಂಗೆ? ಬಾಯಿ ಬಿಡಿಸ್ಬ್ಯಾಡ, ಹಾಕೇ!"

ವಿಮಾನದಲ್ಲಿ ನಡುವಿನ ಸೀಟು. ಎಡಕ್ಕೊಬ್ಬ ಗುಡ್ಡ, ಬಲಕ್ಕೊಬ್ಬ ಬೆಟ್ಟ. ತಲೆಗೆ ಸುತ್ತಿದ ಟವೆಲಿನಡಿಯಿಂದ ಎಣ್ಣೆ ಕತ್ತಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಮೊಣಕೈ ಎತ್ತುವಂತಿರಲಿಲ್ಲ. ಪುಟ್ಟಮ್ಮ ಮಡಿಲಲ್ಲಿ ಸೀಸೆಯನ್ನು ಭದ್ರವಾಗಿ ಹಿಡಿದುಕೊಂಡು, ಹೇಳಬೇಕಾದ ಹೆಸರನ್ನು ಬಾಯೊಳಗೇ ಹೇಳಿಕೊಳ್ಳುತ್ತ ಕೂತಳು.